ಇಪ್ಪತ್ತು ಹಾಳೆ, ಒಂದೇ ನಂಬರು

ಆಗಸ್ಟ್ 4, ಸೋಮವಾರ

ತೊಂಬತ್ತು ನಿಮಿಷಕ್ಕೆ ಹನ್ನೊಂದು ಸಾಲು ಕೋಡ್. ಅದರಲ್ಲೂ ಮೂರು ಸಾಲು ಬರೀ ಬ್ರ್ಯಾಕೆಟ್.

ಸಮಸ್ಯೆ ಬಿಡಿಸಲು ಬರಲಿಲ್ಲ ಎಂದಲ್ಲ. ಹತ್ತನೇ ನಿಮಿಷಕ್ಕೇ ಉತ್ತರ ತಲೆಯಲ್ಲಿತ್ತು. ಆದರೆ ಉತ್ತರದ ತನಕ ಹೋಗಬೇಕಾದರೆ ದಾರಿಯಲ್ಲಿ ದೊಡ್ಡ ಪೀಠಿಕೆಯೇ ಇದೆ. ಮೊದಲು ಹೆಡರ್: ರೋಲ್ ನಂಬರು, ತಾರೀಖು, ಸಮಸ್ಯೆಯ ನಂಬರು. ಆಮೇಲೆ ಫೈಲ್ ತೆರೆಯಬೇಕು, ಅದು ತೆರೆಯಿತೋ ಇಲ್ಲವೋ ನೋಡಬೇಕು, ಸಾಲುಸಾಲಾಗಿ ಓದಬೇಕು, ಕೊನೆಗೆ ಮುಚ್ಚಬೇಕು. ಇಷ್ಟರಲ್ಲೇ ನನ್ನ ಬೆರಳೆಲ್ಲ ಬೆವರುತ್ತದೆ. ಒಂದು ಸೆಮಿಕೋಲನ್ ಬಿಟ್ಟರೆ ಕಂಪ್ಯೂಟರ್ ಹದಿನಾಲ್ಕು ಎರರ್ ಉಗುಳುತ್ತದೆ. ಅದನ್ನು ನೋಡಿದ ಕೂಡಲೇ ತಲೆಯಲ್ಲಿದ್ದ ಉತ್ತರವೂ ಬೆನ್ನು ತಿರುಗಿಸಿ ಹೋಗುತ್ತದೆ.

ಮಧ್ಯದಲ್ಲಿ ಗಂಟಲು ಒಣಗಿ ಕೈ ಎತ್ತಿ ನೀರು ಕುಡಿಯಲು ಪರ್ಮಿಷನ್ ಕೇಳಿದೆ. ಲ್ಯಾಬ್ ಸರ್ ಕನ್ನಡಕದ ಮೇಲಿಂದ ನೋಡಿ, "ನೀರಿಗೆಲ್ಲ ಕೈ ಎತ್ತಬೇಡಮ್ಮಾ, ಇದು ಸ್ಕೂಲಲ್ಲ" ಎಂದರು. ಇಡೀ ಕ್ಲಾಸು ನಕ್ಕಿತು. ಮೂರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಕೈ ತಾನಾಗಿ ಏಳುತ್ತದೆ. ನಾನೇನು ಮಾಡಲಿ?

ಲೆಕ್ಕ ಹೀಗಿದೆ: ಆರು ಅಸೈನ್‌ಮೆಂಟಿನಲ್ಲಿ ನಾಲ್ಕು ಪಾಸಾದರೆ ಮಾತ್ರ ಲ್ಯಾಬ್ ಪರೀಕ್ಷೆಗೆ ಕೂರಿಸುತ್ತಾರೆ. ಪರೀಕ್ಷೆ ಇಲ್ಲದಿದ್ದರೆ ವರ್ಷವೇ ಇಲ್ಲ. ನನ್ನವು ಎರಡು ಆಗಲೇ ಹೋದವು. ಇನ್ನು ಒಂದೂ ಹೋಗುವಂತಿಲ್ಲ.

ಹೋಗುವುದಿಲ್ಲ. ಬರೆದಿಟ್ಟಿದ್ದೇನೆ, ನೋಡೋಣ.

ಆಗಸ್ಟ್ 5, ಮಂಗಳವಾರ

ಇವತ್ತು ಒಂದು ದಾರಿ ಸಿಕ್ಕಿತು!

ಅಕ್ಷರ ದಪ್ಪ ಮಾಡುವುದು ಹೇಗೆಂದು ಕೋಡ್ ಬರೆಯುವ ಎಡಿಟರಿನ ಮೆನು ತಡಕುತ್ತಿದ್ದೆ. ‘ಯೂಸರ್ ಸ್ನಿಪೆಟ್ಸ್’ ಎಂದು ಒಂದು ಸಾಲು ಕಂಡಿತು. ಏನಪ್ಪಾ ಇದು ಎಂದು ಒತ್ತಿದೆ. ಪದೇ ಪದೇ ಬರೆಯುವ ಸಾಲುಗಳನ್ನು ಒಂದೇ ಸಲ ಅಲ್ಲಿ ಬರೆದಿಟ್ಟು, ಅದಕ್ಕೊಂದು ಕೂಗುವ ಹೆಸರು ಕೊಟ್ಟರಾಯಿತು. ಆ ಹೆಸರು ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಇಡೀ ಪೀಠಿಕೆ ದೊಪ್ಪೆಂದು ಬಂದು ಬೀಳುತ್ತದೆ. ಬದಲಾಗುವ ಕಡೆಗಳಲ್ಲಿ ಡಾಲರ್ ಚಿಹ್ನೆ ಹಾಕಿ ಒಂದು, ಎರಡು, ಮೂರು ಎಂದು ನಂಬರ್ ಕೊಡಬೇಕು. ಅವು ಬಸ್ ಸ್ಟಾಪಿನಂತೆ. ಟ್ಯಾಬ್ ಒತ್ತಿದಂತೆಲ್ಲ ಕರ್ಸರ್ ಒಂದೊಂದೇ ಸ್ಟಾಪಿನಲ್ಲಿ ನಿಲ್ಲುತ್ತದೆ, ಅಲ್ಲಿ ಬೇಕಾದ್ದನ್ನು ತುಂಬುತ್ತಾ ಹೋಗುವುದು. ಡಾಲರ್ ಸೊನ್ನೆ ಎಂದರೆ ಕೊನೆಗೆ ಇಳಿಯುವ ಜಾಗ.

ಓದುತ್ತಾ ಓದುತ್ತಾ ನಗು ಬಂತು. ಇದು ನನಗೆ ಮೂರನೇ ಕ್ಲಾಸಿನಿಂದಲೇ ಬರುತ್ತದೆ. ಭಾನುವಾರ ಬೆಳಿಗ್ಗೆ ವಾರ್ಡನ್ ಮೇಡಂ ಬೋರ್ಡಿನ ಮೇಲೆ ಮನೆಗೆ ಬರೆಯುವ ಕಾಗದ ಬರೆಯುತ್ತಿದ್ದರು: ‘ಪ್ರೀತಿಯ ಅಪ್ಪ ಅಮ್ಮನಿಗೆ, ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಇಲ್ಲಿ ಹವೆ ______. ಈ ವಾರ ಗಣಿತದಲ್ಲಿ ______ ಅಂಕ ಬಂದಿದೆ. ಬರುವಾಗ ______ ತನ್ನಿ.’ ನಾವು ಅರವತ್ತು ಮಕ್ಕಳು ಅದನ್ನು ನಕಲು ಮಾಡಿ, ಮೂರು ಖಾಲಿ ಜಾಗ ತುಂಬಿ, ಹೆಸರು ಬರೆದು ಮಡಚಿ ಕೊಡಬೇಕು. ಅಪ್ಪ ಇಲ್ಲದವರು ‘ಅಪ್ಪ’ ಬಿಟ್ಟು ಬರೆಯಿರಿ ಎನ್ನುತ್ತಿದ್ದರು. ನಾನು ಬಿಟ್ಟು ಬರೆಯುತ್ತಿದ್ದೆ. ಒಂಬತ್ತು ವರ್ಷ ಬರೆದಿದ್ದೇನೆ. ಖಾಲಿ ಜಾಗ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ?

ಮೊದಲ ಸ್ನಿಪೆಟ್ಟಿಗೇ ಎರಡು ಗಂಟೆ ಹಿಡಿಯಿತು. ಪ್ರತಿ ಸಾಲಿಗೂ ಕೊಟೇಷನ್ ಹಾಕಬೇಕು, ಸಾಲಿನಿಂದ ಸಾಲಿಗೆ ಕಾಮಾ ಇಡಬೇಕು. ಒಂದು ಕಾಮಾ ತಪ್ಪಿದರೆ ಇಡೀ ಫೈಲೇ ಮುನಿಸಿಕೊಂಡು ಕೂರುತ್ತದೆ. ಆದರೆ ಇಲ್ಲಿ ಯಾರೂ ಗಡಿಯಾರ ಹಿಡಿದು ನಿಂತಿರಲಿಲ್ಲ. ಬೆರಳು ಬೆವರಲಿಲ್ಲ.

ಹೆಸರಿನದ್ದೂ ಒಂದು ಉಪಾಯ. ಕೋಡಿನಲ್ಲಿ ಎಂದೂ ಬಾರದ ಪದವನ್ನೇ ಇಡಬೇಕು. ಇಲ್ಲದಿದ್ದರೆ ಬೇಡದ ಕಡೆಯೆಲ್ಲ ಸ್ನಿಪೆಟ್ ಹಾರಿ ಬಂದು ಕೂರುತ್ತದೆ. ಕೋಡಿನಲ್ಲಿ ಎಂದೂ ಬಾರದ ಪದ ಬೇಕಿದ್ದರೆ ಕನ್ನಡ ಇದೆಯಲ್ಲ! ಇಂಗ್ಲಿಷ್ ಅಕ್ಷರದಲ್ಲೇ ಹೊಡೆದರೂ ಪದ ನಮ್ಮದು. ಹೆಡರಿಗೆ ‘ತಲೆ’, ಫೈಲ್ ತೆರೆಯುವುದಕ್ಕೆ ‘ತೆಗೆ’, ಸಾಲುಸಾಲಾಗಿ ಓದುವುದಕ್ಕೆ ‘ಓದು’. ‘ತಲೆ’ಯ ಮೊದಲ ಸ್ಟಾಪಿನಲ್ಲಿ ನನ್ನ ರೋಲ್ ನಂಬರು 37 ಅನ್ನೇ ಮೊದಲೇ ತುಂಬಿಟ್ಟೆ. ಪ್ರತಿ ಸಲ ಅದನ್ನು ಹೊಡೆಯುವುದು ಯಾಕೆ?

ಆಗಸ್ಟ್ 10, ಭಾನುವಾರ

ಈಗ ಏಳು ಸ್ನಿಪೆಟ್ ಇವೆ.

ಎಂಟನೆಯದನ್ನು ತಮಾಷೆಗೆ ಮಾಡಿದೆ. ಹೆಸರು ‘ಮನೆ’. ಟ್ಯಾಬ್ ಒತ್ತಿದರೆ: ‘ಅಮ್ಮ, ನಾನು ಚೆನ್ನಾಗಿದ್ದೇನೆ. ಊಟ ಆಯಿತು. ಇಲ್ಲಿ ಹವೆ ____. ಓದು ____. ನೀನು ಹುಷಾರು.’ ಎರಡು ಜಾಗ ತುಂಬಿ, ಕಾಪಿ ಮಾಡಿ ಅಮ್ಮನಿಗೆ ಕಳಿಸಿದೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಒಂದು ವಾರ ಹಗಲು, ಒಂದು ವಾರ ರಾತ್ರಿ. ಅದಕ್ಕೇ ನನ್ನನ್ನು ಹಾಸ್ಟೆಲಿಗೆ ಹಾಕಿದ್ದು. ‘ಸರಿ ಮಗಳೇ’ ಎಂದು ಉತ್ತರ ಬಂತು. ಮೆಸೇಜ್ ಕೆಲಸಕ್ಕೆ ಈಗ ಹನ್ನೆರಡು ಸೆಕೆಂಡು ಸಾಕು.

ಆಗಸ್ಟ್ 11, ಸೋಮವಾರ

ಮೂರನೆಯದು ಅರವತ್ತೊಂದು ನಿಮಿಷ. ಪಾಸು. ಲ್ಯಾಬ್ ಸರ್ ಹಸಿರು ಪೆನ್ನಿನಲ್ಲಿ ಒಂದು ಟಿಕ್ ಹಾಕಿದರು. ಅವರದು ಎಲ್ಲ ಹಸಿರೇ. ಕೆಂಪು ಪೆನ್ನು ನೋಡಿದರೆ ಮಕ್ಕಳಿಗೆ ಜ್ವರ ಬರುತ್ತದಂತೆ.

ಆಗಸ್ಟ್ 19, ಮಂಗಳವಾರ

ನಾಲ್ಕನೆಯದೂ ಪಾಸು. ನಲವತ್ತೆಂಟು ನಿಮಿಷ. ಉಳಿದ ಹೊತ್ತು ಫ್ಯಾನ್ ನೋಡುತ್ತಾ ಕೂತೆ.

ಇದನ್ನು ರೂಮ್‌ಮೇಟ್ ಗಮನಿಸಿದಳು. ಅವಳನ್ನು ಕಿಟಕಿ ಎಂದು ಕರೆಯುತ್ತೇನೆ. ರೂಮಿಗೆ ಬಂದ ಮೊದಲ ದಿನವೇ ಬ್ಯಾಗನ್ನು ಕಿಟಕಿ ಪಕ್ಕದ ಮಂಚಕ್ಕೆ ಎಸೆದು, "ನಿಂಗೆ ಗಾಳಿ ಆಗಲ್ಲ ಅಲ್ವಾ?" ಎಂದು ತಾನೇ ತೀರ್ಮಾನಿಸಿದವಳು. ಮಾತಿಗೆ ನಿಂತರೆ ಅರ್ಧ ಕಾಲೇಜನ್ನು ಮಾರಿ ಬರುತ್ತಾಳೆ, ಆದರೆ ಎರಡು ಬೆರಳಿನಲ್ಲಿ ಕಾಳು ಹೆಕ್ಕಿದಂತೆ ಟೈಪ್ ಮಾಡುತ್ತಾಳೆ. ಇವತ್ತು ನನ್ನ ಹಿಂದೆ ನಿಂತು ‘ತಲೆ’, ಟ್ಯಾಬ್, ಹೆಡರ್ ಬಂದು ಬಿದ್ದದ್ದನ್ನು ನೋಡಿದಳು.  

"ಇಂಥಾದ್ದು ಇಟ್ಕೊಂಡು ಎರಡು ವಾರದಿಂದ ಬಾಯಿ ಮುಚ್ಕೊಂಡಿದ್ಯಾ? ಕಳ್ಳಿ" ಎಂದಳು.

ಫೈಲನ್ನು ಅವಳಿಗೆ ಕೊಟ್ಟೆ. ಇದು ನಕಲು ಅಲ್ಲ ತಾನೇ ಎಂದು ಎರಡು ಸಲ ಯೋಚಿಸಿದೆ. ಅಲ್ಲ. ಪೀಠಿಕೆ ಎಲ್ಲರಿಗೂ ಒಂದೇ, ಸರ್ ಅವರೇ ಬೋರ್ಡಿನ ಮೇಲೆ ಬರೆದದ್ದು. ಬೋರ್ಡಿನಲ್ಲಿದ್ದದ್ದನ್ನು ಬರೆದುಕೊಂಡರೆ ನಕಲು ಹೇಗಾಗುತ್ತದೆ?

ಆಗಸ್ಟ್ 22, ಶುಕ್ರವಾರ

ಕಿಟಕಿಯ ಬಾಯಿಗೆ ಬಾಗಿಲಿಲ್ಲ. ಮೆಸ್ಸಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ, ಹಿಂದಿನಿಂದ ಯಾರೋ "ಸ್ನಿಪೆಟ್ ಅಕ್ಕಾ" ಎಂದರು. ತಿರುಗಿ ನೋಡಿದರೆ ನನಗಿಂತ ಎರಡು ವರ್ಷ ದೊಡ್ಡವನು, ಗಡ್ಡ ಬೇರೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನು, ಈಗ ಊರಿಗೆಲ್ಲ ಅಕ್ಕ.

ಫೈಲು ಹತ್ತೊಂಬತ್ತು ಜನರ ಹತ್ತಿರ ಹೋಗಿದೆ. ಬೇಡಿಕೆಗಳೂ ಬರುತ್ತಿವೆ. ಹಿಂದಿನ ಬೆಂಚಿನ ಅವಳಿಗಳು ಪಟ್ಟಿ ವಿಂಗಡಿಸುವುದಕ್ಕೊಂದು ಬೇಕೆಂದರು. ಗಡ್ಡದವನಿಗೆ ತಪ್ಪು ಸಿಕ್ಕಿದಾಗ ಕಂಪ್ಯೂಟರ್ ‘ಕ್ಷಮಿಸಿ’ ಎನ್ನುವಂಥದ್ದು ಬೇಕಂತೆ. ಎರಡೂ ಮಾಡಿದೆ. ಪಟ್ಟಿಯದರಲ್ಲಿ ಒಂದೇ ನಂಬರನ್ನು ಎರಡು ಕಡೆ ಹಾಕಿದರೆ, ಒಂದು ಕಡೆ ತುಂಬಿದ್ದು ಇನ್ನೊಂದು ಕಡೆಯೂ ತಾನೇ ತುಂಬಿಕೊಳ್ಳುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡೆ.

ಒಳ್ಳೆಯ ಸ್ನಿಪೆಟ್ ಎಂದರೆ ತುಂಬ ಬರೆಯುವುದಲ್ಲ. ಎಲ್ಲಿ ಖಾಲಿ ಬಿಡಬೇಕು ಎಂದು ಗೊತ್ತಿರಬೇಕು. ಇದು ನನಗೆ ಚೆನ್ನಾಗಿ ಬರುತ್ತದೆ ಎಂದು ನನಗೇ ಅನ್ನಿಸುತ್ತಿದೆ. ಇಲ್ಲಿ ತಾನೇ ಬರೆದುಕೊಳ್ಳುವುದು, ಜಂಬ ಅಂದುಕೊಳ್ಳುವವರು ಯಾರಿದ್ದಾರೆ?

ಆಗಸ್ಟ್ 25, ಸೋಮವಾರ

ಐದನೆಯ ಅಸೈನ್‌ಮೆಂಟ್ ದೊಡ್ಡದು, ರೂಮಿನಲ್ಲಿ ಮುಗಿಸಿ ನಾಳೆ ಸಂಜೆಯೊಳಗೆ ಕಳಿಸಬೇಕು. ಒಂದು ಸ್ಟಾಪಿಗೆ ಬರುವ ಬಸ್ಸುಗಳ ವೇಳಾಪಟ್ಟಿ ಕೊಟ್ಟಿದ್ದಾರೆ. ಒಂದು ಬಸ್ ಹೋಗಿ ಇನ್ನೊಂದು ಬರುವ ತನಕ ಅತಿ ಹೆಚ್ಚು ಕಾಯಬೇಕಾದದ್ದು ಎಷ್ಟು ಹೊತ್ತು ಎಂದು ಕಂಡುಹಿಡಿಯಬೇಕು. ಕೋಡಿನಲ್ಲಿ ಕಾಯುವ ಹೊತ್ತನ್ನು ಇಡುವ ಡಬ್ಬಿಗೆ ಏನಾದರೊಂದು ಹೆಸರು ಬೇಕಲ್ಲ, ‘ಬೇಜಾರು’ ಎಂದಿಟ್ಟೆ. ಅತಿ ದೊಡ್ಡ ಬೇಜಾರು ಐವತ್ತೆರಡು ನಿಮಿಷ ಎಂದು ಬಂತು. ಒಬ್ಬಳೇ ಕೂತು ನಕ್ಕೆ.

ಆಗಸ್ಟ್ 27, ಬುಧವಾರ

 

ಮಧ್ಯಾಹ್ನ ಲ್ಯಾಬ್ ಸರ್ ತಮ್ಮ ರೂಮಿಗೆ ಕರೆಸಿದರು. ಬಾಗಿಲಲ್ಲಿ ನಿಂತು ಒಳಗೆ ಬರಬಹುದಾ ಎಂದು ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಕೇಳಿಸಿತು. ಪರದೆಯ ಮೇಲೆ ತಪ್ಪು ಕಾಣುವುದಿಲ್ಲ ಎಂದು ಅವರು ಎಲ್ಲರದನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ರೋಲ್ ನಂಬರಿನ ಪ್ರಕಾರ ವಿಂಗಡಿಸುತ್ತಾರೆ. ಒಬ್ಬೊಬ್ಬರದು ಒಂದೊಂದು ಹಾಳೆ. ಮೂವತ್ತೇಳನೇ ನಂಬರಿನ ಕಡೆ ಮಾತ್ರ ಕಟ್ಟು.

"ಎಣಿಸು" ಎಂದರು.

ಇಪ್ಪತ್ತು ಹಾಳೆ. ಪ್ರತಿಯೊಂದರ ತಲೆಯ ಮೇಲೂ 37. ಕೆಳಗೆ ಕಂಪ್ಯೂಟರ್ ಹಾಕಿದ ಲಾಗಿನ್ ನಂಬರು ಮಾತ್ರ ಬೇರೆ ಬೇರೆ.

ಆಗ ಹೊಳೆಯಿತು. ‘ತಲೆ’ಯಲ್ಲಿ ನನ್ನ ನಂಬರನ್ನು ಮೊದಲೇ ತುಂಬಿಟ್ಟಿದ್ದೆನಲ್ಲ, ಎಲ್ಲರಿಗೂ ಫೈಲ್ ಕೊಡುವಾಗ ಅದನ್ನು ತೆಗೆಯಲೇ ಇಲ್ಲ. ಎಲ್ಲರೂ ಟಕ್ ಟಕ್ ಎಂದು ಟ್ಯಾಬ್ ಒತ್ತಿಕೊಂಡು ಮುಂದೆ ಹೋಗಿದ್ದಾರೆ. ಒಬ್ಬರೂ ತಲೆ ಎತ್ತಿ ‘ತಲೆ’ಯನ್ನು ನೋಡಿಲ್ಲ.

ವಿವರಿಸಲು ಹೋದೆ. ಬಾಯಿಂದ ಬಂದದ್ದು "ಸರ್, ಅದು, ಟ್ಯಾಬ್, ಸರ್" ಇಷ್ಟೇ. ಅವರಿಗೆ ಕಾಣುವುದು ಇಷ್ಟು: ಒಬ್ಬಳು ಬರೆದಿದ್ದಾಳೆ, ಹತ್ತೊಂಬತ್ತು ಜನ ನಂಬರು ಕೂಡ ಬದಲಿಸದೆ ಕಳಿಸಿದ್ದಾರೆ. ನಕಲಿನ ವಿಷಯದಲ್ಲಿ ಅವರ ರೂಲ್ ಮೊದಲ ದಿನದಿಂದ ಬೋರ್ಡಿನ ಮೂಲೆಯಲ್ಲಿದೆ: ಕೊಟ್ಟವರಿಗೂ ತಗೊಂಡವರಿಗೂ ಸೊನ್ನೆ, ಪರೀಕ್ಷೆಗೆ ಕೂರುವಂತಿಲ್ಲ. ಶುಕ್ರವಾರ ಹನ್ನೊಂದಕ್ಕೆ ವಿಭಾಗದ ಮುಖ್ಯಸ್ಥರಿಗೆ ಪಟ್ಟಿ ಕೊಡುತ್ತಾರಂತೆ. ಹೇಳುವುದಿದ್ದರೆ ಅಷ್ಟರೊಳಗೆ ಬಂದು ಸರಿಯಾಗಿ ಹೇಳು ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಸಂಜೆ ಏನು ಮಾಡುವುದೋ ತಿಳಿಯದೆ ‘ಮನೆ’ ಒತ್ತಿ ಅಮ್ಮನಿಗೆ ಕಳಿಸಿದೆ. ಚೆನ್ನಾಗಿದ್ದೇನೆ, ಊಟ ಆಯಿತು, ಹವೆ ತಂಪು. ಎರಡೇ ನಿಮಿಷದಲ್ಲಿ ಫೋನ್ ಬಂತು.

"ಇವತ್ತು ಬುಧವಾರ. ಏನಾಯ್ತು?"

ಏನೂ ಇಲ್ಲ ಎಂದೆ. ಭಾನುವಾರ ಕಳಿಸೋಳು ಬುಧವಾರ ಯಾಕೆ ಕಳಿಸಿದೆ ಎಂದಳು. ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಸ್ನಿಪೆಟ್, ಟ್ಯಾಬ್, ಮೂವತ್ತೇಳು, ಇಪ್ಪತ್ತು ಹಾಳೆ, ಎಲ್ಲವನ್ನೂ ತಲೆ ಬಾಲ ಇಲ್ಲದೆ ಹೇಳಿದೆ. ಅಮ್ಮನಿಗೆ ಸ್ನಿಪೆಟ್ ಎಂದರೇನು ಎಂದು ತಿಳಿಸಲು ವಾರ್ಡನ್ ಮೇಡಂ ಬೋರ್ಡಿನ ಕಾಗದದ ಹಾಗೆ ಎಂದೆ. ಆ ಕಾಗದಗಳೆಲ್ಲ ನಾನೇ ಯೋಚಿಸಿ ಬರೆದದ್ದಲ್ಲ ಎಂದು ಅಮ್ಮನಿಗೆ ಇಷ್ಟು ವರ್ಷ ಹೇಳಿರಲಿಲ್ಲ. ಈ ಗಡಿಬಿಡಿಯಲ್ಲಿ ಅದೂ ಹೊರಗೆ ಬಿತ್ತು.

ಅಮ್ಮ ನಕ್ಕಳು. "ಗೊತ್ತಿರ್ಲಿಲ್ವಾ ನಂಗೆ? ನಮ್ಮ ವಾರ್ಡಿನ ಇನ್ನೊಬ್ಬ ನರ್ಸ್ ಮಗಳೂ ಅಲ್ಲೇ ಇದ್ಲು. ಇಬ್ರಿಗೂ ಒಂದೇ ಕಾಗದ ಬರ್ತಿತ್ತು. ನಾನು ಮೇಡಂ ಬರೆದಿದ್ದು ಓದ್ತಾನೇ ಇರ್ಲಿಲ್ಲ. ಖಾಲಿ ಜಾಗ ಮಾತ್ರ ಓದ್ತಿದ್ದೆ. ಒಂದ್ಸಲ ನೀನು ‘ಇಲ್ಲಿ ಹವೆ ಇಲ್ಲ’ ಅಂತ ಬರೆದಿದ್ದೆ."

"ಯಾವಾಗ?"

"ನಾಲ್ಕನೇ ಕ್ಲಾಸು. ಮಾರನೇ ದಿನ ರಜಾ ಹಾಕಿ ಬಂದಿದ್ದೆನಲ್ಲೇ, ಮರೆತ್ಯಾ?"

ಮರೆತಿಲ್ಲ. ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಕೈಯಲ್ಲಿ ಸ್ವೆಟರ್. ಮೇಡಂ ಫೋನ್ ಮಾಡಿ ಕರೆಸಿದ್ದಾರೆ ಎಂದೇ ಇವತ್ತಿನ ತನಕ ಅಂದುಕೊಂಡಿದ್ದೆ.

ಆಗಸ್ಟ್ 28, ಗುರುವಾರ

ಎದ್ದಾಗಲೇ ತಲೆಯಲ್ಲಿ ಒಂದೇ ಮಾತು: ಖಾಲಿ ಜಾಗ ಮಾತ್ರ ಓದಬೇಕು.

ಕ್ಲಾಸ್ ಮುಗಿದ ಮೇಲೆ ಹತ್ತೊಂಬತ್ತು ಜನರನ್ನೂ ಹಿಡಿದು ಅವರವರ ಪ್ರಿಂಟ್ ತೆಗೆಸಿ ಇಸಿದುಕೊಂಡೆ. ಅರ್ಧ ಜನರ ಜೊತೆ ಇದುವರೆಗೆ ಮಾತೇ ಆಡಿರಲಿಲ್ಲ. ಗಡ್ಡದವನು ಆಗಲೇ ಅಳುಮೋರೆ ಹಾಕಿಕೊಂಡಿದ್ದ. "ಅಕ್ಕಾ, ನಂಗೆ ಇದೇ ಕ್ಲಾಸಲ್ಲಿ ಇದು ಎರಡನೇ ವರ್ಷ, ಮತ್ತೆ ಇಲ್ಲೇ ಕೂತ್ರೆ ಬೆಂಚಿಗೂ ಬೇರು ಬರುತ್ತೆ" ಎಂದ. ಬೇರು ಬರುವುದಿಲ್ಲ, ಹಾಳೆ ಕೊಡು ಎಂದೆ.

ಹಳದಿ ಹೈಲೈಟರ್ ತಗೊಂಡು ಲೈಬ್ರರಿಯ ಉದ್ದದ ಮೇಜಿನಲ್ಲಿ ಹರಡಿಕೊಂಡು ಕೂತೆ. ಸ್ನಿಪೆಟ್ಟಿನಿಂದ ಬಂದ ಸಾಲುಗಳನ್ನು ಬಿಟ್ಟೆ. ಅವರು ತಾವೇ ತುಂಬಿದ್ದಕ್ಕೆ ಮಾತ್ರ ಬಣ್ಣ ಹಚ್ಚಿದೆ. ಹಚ್ಚುತ್ತಾ ಹೋದ ಹಾಗೆ ಕುತೂಹಲ ಹೆಚ್ಚಿತು. ಅವಳಿಗಳಲ್ಲಿ ಒಬ್ಬಳು ಗಂಟೆ, ನಿಮಿಷ ಬೇರೆ ಬೇರೆ ಕಳೆಯುತ್ತಾಳೆ, ಇನ್ನೊಬ್ಬಳು ಎಲ್ಲವನ್ನೂ ನಿಮಿಷ ಮಾಡಿಕೊಳ್ಳುತ್ತಾಳೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಂತೆ! ಒಬ್ಬ ಹೆಸರಿಡಲು ಸೋಮಾರಿಯಾಗಿ ಎಲ್ಲ ಡಬ್ಬಿಗೂ ಒಂದೊಂದೇ ಅಕ್ಷರ ಇಟ್ಟಿದ್ದಾನೆ. ಗಡ್ಡದವನು ಇವತ್ತಿನ ಕೊನೆ ಬಸ್ಸಿಗೂ ನಾಳೆಯ ಮೊದಲ ಬಸ್ಸಿಗೂ ನಡುವಿನ ಹೊತ್ತನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆ. ಅದು ನನಗೆ ಹೊಳೆಯಲೇ ಇಲ್ಲ. ನಾಲ್ಕು ಜನರ ಉತ್ತರ ತಪ್ಪು, ನಾಲ್ಕೂ ಬೇರೆ ಬೇರೆ ತಪ್ಪು. ನಕಲು ಮಾಡಿದವರು ಹೀಗೆ ಬೇರೆ ಬೇರೆಯಾಗಿ ತಪ್ಪುತ್ತಾರಾ?

ಹತ್ತೊಂಬತ್ತನೆಯ ಹಾಳೆ ಕಿಟಕಿಯದು. ಹಳದಿ ಹಚ್ಚುತ್ತಾ ಆರನೆಯ ಸಾಲಿಗೆ ಬಂದೆ.

ಬೇಜಾರು.

ಅದರ ಮುಂದಿನ ಸಾಲೂ ನನ್ನದೇ. ಅದರ ಮುಂದಿನದೂ. ಎರಡು ಹಾಳೆಯನ್ನು ಲೈಬ್ರರಿಯ ಕಿಟಕಿ ಗಾಜಿಗೆ ಒಂದರ ಮೇಲೊಂದು ಇಟ್ಟು ಬೆಳಕಿನಲ್ಲಿ ನೋಡಿದೆ. ಲಾಗಿನ್ ನಂಬರು ಬಿಟ್ಟರೆ ಒಂದಕ್ಷರವೂ ಹೊರಗೆ ಇಣುಕಲಿಲ್ಲ.

ಮಂಗಳವಾರ ನಾನು ಸ್ನಾನಕ್ಕೆ ಹೋದಾಗ ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದೇ ಇತ್ತು.

ಈಗ ಇಪ್ಪತ್ತು ಹಾಳೆಯನ್ನೂ ಸರ್ ಮುಂದೆ ಇಟ್ಟರೆ ಹದಿನೆಂಟು ಜನ ಉಳಿಯುತ್ತಾರೆ. ಇಬ್ಬರು ಮುಳುಗುತ್ತೇವೆ, ಅವಳು ತಗೊಂಡವಳು, ನಾನು ಕೊಟ್ಟವಳು. ನಾನು ಕೊಡಲಿಲ್ಲ ಎನ್ನುವುದಕ್ಕೆ ಬಾತ್‌ರೂಮಿನ ನಲ್ಲಿ ಬಂದು ಸಾಕ್ಷಿ ಹೇಳಬೇಕು. ಇಡದೇ ಇದ್ದರೆ ಇಪ್ಪತ್ತೂ ಜನ ಮುಳುಗುತ್ತೇವೆ. ಅವಳದೊಂದನ್ನು ಕಟ್ಟಿನಿಂದ ತೆಗೆದುಬಿಡೋಣ ಎಂದುಕೊಂಡೆ. ತೆಗೆದೂ ತೆಗೆದೆ. ಆದರೆ ಸರ್ ಎಣಿಸುತ್ತಾರೆ. ಎಣಿಸು ಎಂದು ನನಗೇ ಕಲಿಸಿದವರು ಅವರು. ಮತ್ತೆ ಒಳಗಿಟ್ಟೆ.

ಆಗಸ್ಟ್ 29, ಶುಕ್ರವಾರ

ಬೆಳಿಗ್ಗೆ ಕಿಟಕಿ ತಲೆ ಬಾಚಿಕೊಳ್ಳುತ್ತಿದ್ದಳು. ಎರಡು ಹಾಳೆಯನ್ನೂ ಅವಳ ಮಂಚದ ಮೇಲಿಟ್ಟು, ಇದು ನನ್ನದು, ಇದೂ ನನ್ನದು ಎಂದೆ. ಹತ್ತೂವರೆಗೆ ಸರ್ ಹತ್ತಿರ ಹೋಗುತ್ತೇನೆ, ಇಪ್ಪತ್ತನ್ನೂ ತಗೊಂಡು ಹೋಗುತ್ತೇನೆ, ನಿನಗೆ ಮೊದಲೇ ಹೇಳಬೇಕು ಅನ್ನಿಸಿತು ಎಂದೆ.

ಬಾಚಣಿಗೆ ಕೂದಲಲ್ಲೇ ನಿಂತಿತು. "ಹಾಗಾದ್ರೆ ನೀನೂ ಹೋಗ್ತೀಯಲ್ಲ?"

"ಹೌದು, ಹೋಗ್ತೀನಿ."

"ನನ್ನದೊಂದು ಬಿಟ್ಬಿಡು ಕಣೇ. ಯಾರಿಗೆ ಗೊತ್ತಾಗುತ್ತೆ?"

ಬಿಡುವುದಿಲ್ಲ ಎಂದೆ. ಅವಳು ಸಿಟ್ಟಿನಲ್ಲಿ ಏನೇನೋ ಅಂದಳು. ಹಾಸ್ಟೆಲ್ ಗುಬ್ಬಿ ಎಂದಳು, ಟೀಚರ್ ಬಾಲ ಎಂದಳು. ನಿನ್ನ ಫೈಲ್ ಇಲ್ಲದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ ಎಂದದ್ದು ಮಾತ್ರ ನಿಜ. ನಿಜ ಎಂದು ಒಪ್ಪಿಕೊಂಡೆ. ಮೂವತ್ತೇಳನ್ನು ತೆಗೆಯದೆ ಬಿಟ್ಟದ್ದು ನನ್ನ ತಪ್ಪು, ಅದನ್ನೂ ಹೇಳುತ್ತೇನೆ ಎಂದೆ. ಅವಳು ಬಾಗಿಲು ಬಡಿದು ಹೋದಳು. ನಾನು ಚಪ್ಪಲಿ ಹಾಕಿಕೊಂಡು ಹೊರಟೆ.

ಸರ್ ಏನೋ ಬರೆಯುತ್ತಿದ್ದರು. ನಾನು ಎದುರಿನ ಕುರ್ಚಿಯಲ್ಲಿ ಕೂತು ಕಟ್ಟು ಬಿಚ್ಚಿದೆ. ಅವರು ತಲೆ ಎತ್ತಿ, "ನಾನು ಬಾ ಅಂದ್ನಾ?" ಎಂದರು. ಇಲ್ಲ ಸರ್, ಹೊತ್ತು ಕಡಿಮೆ ಇದೆ ಎಂದೆ. ಕನ್ನಡಕ ಸರಿ ಮಾಡಿಕೊಂಡರು.

ಮೊದಲು ಅವರ ಎದುರಿಗೇ ಲ್ಯಾಪ್‌ಟಾಪಿನಲ್ಲಿ ಖಾಲಿ ಫೈಲಿನಿಂದ ಶುರು ಮಾಡಿ ಒಂದು ಸ್ನಿಪೆಟ್ ಮಾಡಿ ತೋರಿಸಿದೆ. ಮೊದಲೇ ತುಂಬಿಟ್ಟ ನಂಬರು ಟ್ಯಾಬ್ ಒತ್ತಿದರೆ ಹೇಗೆ ಹಾಗೆಯೇ ಉಳಿದುಬಿಡುತ್ತದೆ ಎಂದು ತೋರಿಸಿದೆ. ಆಮೇಲೆ ಹೇಳಿದೆ: ಬಿಳಿ ಇರುವುದೆಲ್ಲ ನೀವು ಬೋರ್ಡಿನಲ್ಲಿ ಬರೆದದ್ದು ಸರ್, ಅದು ಯಾರದೂ ಅಲ್ಲ. ಹಳದಿ ಮಾತ್ರ ಓದಿ.

ಅವರು ಓದಿದರು. ನಿಧಾನವಾಗಿ, ಒಂದೊಂದೇ. ಗಡ್ಡದವನ ಹಾಳೆಗೆ ಬಂದಾಗ, "ಇವನಿಗೆ ಇಷ್ಟು ಬುದ್ಧಿ ಇದೆಯಾ?" ಎಂದು ತಮಗೆ ತಾವೇ ಕೇಳಿಕೊಂಡು ಒಂದು ಹಸಿರು ನಕ್ಷತ್ರ ಬರೆದರು. ಕಟ್ಟು ಕರಗುತ್ತಾ ಬಂತು. ನನ್ನ ಹಾಳೆ ಬಂತು. ಕೊನೆಗೆ ಕಿಟಕಿಯದು. ಎರಡನ್ನೂ ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದರು.

"ಇದು?"

ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಅದು ನಂದು ಸರ್. ಅಂದ್ರೆ ಅವಳದ್ದು. ಅವಳು ಸ್ನಾನಕ್ಕೆ ಹೋದಾಗ ನಾನೇ ತಗೊಂಡೆ. ಅವಳು ಕೊಟ್ಟಿಲ್ಲ."

ಕಿಟಕಿ ಬಾಗಿಲಲ್ಲಿ ನಿಂತಿದ್ದಳು, ಅರ್ಧ ಬಾಚಿದ ತಲೆಯಲ್ಲೇ.

ಸರ್ ಅವಳಿಗೆ ಕೂರಲು ಹೇಳಲಿಲ್ಲ. ಕೇಳಿದ್ದು ಇಷ್ಟೇ: ಬೇಜಾರು ಅನ್ನೋ ಹೆಸರನ್ನಾದರೂ ಬದಲಾಯಿಸಬಹುದಿತ್ತಲ್ಲ? ಅವಳು ಓದದೇ ಕಳಿಸಿದೆ ಸರ್ ಎಂದಳು. ಅದೇ ನಿನ್ನ ತಪ್ಪು ಎಂದರು. ಐದನೆಯದು ಅವಳಿಗೆ ಸೊನ್ನೆ. ತಾನಾಗಿ ಬಂದು ಹೇಳಿದ್ದಕ್ಕೆ ಪರೀಕ್ಷೆಗೆ ಅಡ್ಡಿಯಿಲ್ಲ, ಆದರೆ ಆರನೆಯದು ಪಾಸಾಗಲೇಬೇಕು. ಉಳಿದವರಿಗೆ ಏನೂ ಇಲ್ಲ. ನನಗೆ ಹಸಿರು ಪೆನ್ನಿನಲ್ಲಿ ಟಿಕ್ ಹಾಕಿ, ಪಕ್ಕದಲ್ಲಿ ಸಣ್ಣದಾಗಿ ಬರೆದರು: ಕೊನೆ ಬಸ್ಸಿನ ಲೆಕ್ಕ ಬಿಟ್ಟಿದ್ದೀಯ.

ಹೌದು, ಬಿಟ್ಟಿದ್ದೆ.

ಸೆಪ್ಟೆಂಬರ್ 1, ಸೋಮವಾರ

ಆರನೆಯದು ಪಾಸು. ನನ್ನವು ನಾಲ್ಕಾದವು. ಕಿಟಕಿಯದೂ ಪಾಸು, ಎಂಬತ್ತೊಂಬತ್ತು ನಿಮಿಷ, ಎರಡೇ ಬೆರಳು.

ಮೂರು ದಿನದಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಸಂಜೆ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟು, "ಹೊಸದು ಮಾಡೋದು ಹೇಗೆ? ಮಾಡಿಕೊಡಬೇಡ, ಹೇಳಿಕೊಡು" ಎಂದಳು. ಕಾಮಾ ಮರೆತು ಹನ್ನೊಂದು ಸಲ ಫೈಲ್ ಮುನಿಸಿಕೊಂಡಿತು. ಹನ್ನೆರಡನೆಯ ಸಲ ಅವಳೇ ಮುನಿಸಿಕೊಂಡಳು. ಆಮೇಲೆ ಆಯಿತು. ಕೊನೆಗೆ ಎದ್ದು ಹೋಗುವಾಗ, ಬೇಕಾದರೆ ಒಂದು ತಿಂಗಳು ಮಂಚ ಬದಲಾಯಿಸಿಕೊಳ್ಳೋಣ ಎಂದಳು. ಗಾಳಿ ನನಗೆ ಆಗುತ್ತದೆ, ಆದರೆ ಈ ಮಂಚ ಈಗ ರೂಢಿಯಾಗಿದೆ.

‘ತಲೆ’ಯ ಮೊದಲ ಸ್ಟಾಪನ್ನು ಈಗ ಖಾಲಿ ಬಿಟ್ಟಿದ್ದೇನೆ. ಎಲ್ಲರಿಗೂ ಹೊಸ ಫೈಲ್ ಕಳಿಸಿದೆ.

ಸೆಪ್ಟೆಂಬರ್ 8, ಸೋಮವಾರ

ಲ್ಯಾಬ್ ಪರೀಕ್ಷೆ ಮುಗಿಯಿತು. ಸಮಸ್ಯೆ ಸುಲಭ: ಲೈಬ್ರರಿ ಪುಸ್ತಕಗಳ ಪಟ್ಟಿ, ಯಾವುದನ್ನು ಅತಿ ಹೆಚ್ಚು ಸಲ ತಗೊಂಡು ಹೋಗಿದ್ದಾರೆ ಎಂದು ನೋಡಬೇಕು. ಶುರುವಿನಲ್ಲಿ ‘ತಲೆ’ ಎಂದು ಹೊಡೆದು ಟ್ಯಾಬ್ ಒತ್ತಿದೆ. ಏನೂ ಬರಲಿಲ್ಲ. ಪರೀಕ್ಷೆಯ ಕಂಪ್ಯೂಟರಿನಲ್ಲಿ ಯಾರ ಫೈಲೂ ಇರುವುದಿಲ್ಲವಂತೆ. ಅಳಿಸಿ ಬರೆದುಕೊಂಡು ಹೋದೆ. ಎರಡು ಪುಸ್ತಕ ಒಂದೇ ಲೆಕ್ಕಕ್ಕೆ ಬಂದರೆ ಯಾವುದನ್ನು ಹೇಳುವುದು ಎಂದು ಪ್ರಶ್ನೆಯಲ್ಲಿ ಇರಲಿಲ್ಲ. ಎರಡನ್ನೂ ಹೇಳಿದೆ. ನನ್ನ ತಲೆಯ ಮೇಲಿನ ಫ್ಯಾನ್ ಕಟಕಟ ಎನ್ನುತ್ತಿತ್ತು, ಅದೊಂದೇ ಕಿರಿಕಿರಿ.

ಹೊರಗೆ ಬಂದ ಮೇಲೆ ಕಿಟಕಿ, "ಪರೀಕ್ಷೆ ಮಧ್ಯದಲ್ಲಿ ರಾಣಿ ಥರ ಎದ್ದು ಹೋಗಿ ನೀರು ಕುಡಿದು ಬಂದೆಯಲ್ಲ, ಕೈ ಎತ್ತಲಿಲ್ಲವಾ?" ಎಂದು ಕೇಳಿದಳು. ಹೌದಾ? ಬಾಯಾರಿಕೆ ಆಗಿತ್ತು ಅನ್ನುವುದು ಮಾತ್ರ ನೆನಪಿದೆ.

ಸೆಪ್ಟೆಂಬರ್ 14, ಭಾನುವಾರ

ಪಾಸು. ಗಡ್ಡದವನೂ ಪಾಸು. ಅವಳಿಗಳೂ, ಕಿಟಕಿಯೂ. ಗಡ್ಡದವನು ತನ್ನ ಹಳೆ ಬೆಂಚಿಗೆ ಕೈ ಮುಗಿದು ಬಂದ.

ಅಮ್ಮನಿಗೆ ಹೇಳಬೇಕೆಂದು ಕೂತೆ. ಪರೀಕ್ಷೆಯಿಂದ ಶುರು ಮಾಡಿದೆ, ಹಿಂದೆ ಹೋಗಿ 37ನ್ನು ಬರೆದೆ, ಲೈಬ್ರರಿಯ ಮೇಜು, ಹಳದಿ ಬಣ್ಣ, ಕಿಟಕಿಯ ಅರ್ಧ ಬಾಚಿದ ತಲೆ. ಅವಳು ಬಾಗಿಲಿಗೆ ಬರದಿದ್ದರೆ ನಾನು ಏನು ಹೇಳುತ್ತಿದ್ದೆ ಎಂದು ಈಗಲೂ ಗೊತ್ತಿಲ್ಲ ಎಂದು ಬರೆದೆ. ನಾಲ್ಕನೇ ಕ್ಲಾಸಿನಲ್ಲಿ ನೀನು ತಂದ ಸ್ವೆಟರ್ ತೋಳು ಉದ್ದವಿತ್ತು, ಆದರೂ ಎರಡು ವಾರ ಬಿಚ್ಚಲಿಲ್ಲ ಎಂದೂ ಬರೆದೆ. ಇಲ್ಲಿ ಮಧ್ಯಾಹ್ನ ಬಿಸಿಲು, ಸಂಜೆ ಗಾಳಿ, ನನ್ನ ಮಂಚಕ್ಕೂ ಒಂದಿಷ್ಟು ಬರುತ್ತದೆ ಎಂದೆ. ತಲೆ ಎತ್ತಿ ನೋಡಿದರೆ ಮೆಸ್ ಮುಚ್ಚುವ ಹೊತ್ತು. ಮೆಸೇಜ್ ಕಳಿಸಿ ಓಡಿದೆ. ತಣ್ಣಗಿನ ಊಟ.

ವಾಪಸು ಬಂದಾಗ ಮೂರು ಮಿಸ್ಡ್ ಕಾಲ್. ಏನಾಯಿತೋ ಎಂದು ಗಾಬರಿಯಲ್ಲೇ ಫೋನ್ ಮಾಡಿದೆ. ಅಮ್ಮನ ಕಡೆಯಿಂದ ಪಾತ್ರೆ ಉಜ್ಜುವ ಸದ್ದು.

"ಒಲೆ ಮೇಲೆ ಹಾಲಿಟ್ಟು ನಿನ್ನ ಕಾಗದ ಬಿಚ್ಚಿದೆ" ಎಂದಳು. "ಎರಡು ಜಾಗ ನೋಡಿ ಇಟ್ಬಿಡೋಣ ಅಂತ. ಎಲ್ಲೂ ಬಿಡೋ ಹಾಗೇ ಇರ್ಲಿಲ್ಲ ಕಣೇ. ಹಾಲೆಲ್ಲ ಉಕ್ಕಿ ಹೋಯ್ತು."